ಮೊದಲು ಬರಿಯ ರೊಟ್ಟಿ ಬರಲಿ

ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಮನೆಯಲ್ಲೇ ಬಿಯರ್ ತಯಾರಿಸುವ ಹುಚ್ಚು ಹತ್ತಿದೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದಕ್ಕೆ ದಾರಿ ಮಾಡಿಕೊಟ್ಟಿತು. ಹನ್ನೊಂದು ವರ್ಷ ಅಲ್ಲಿದ್ದಾಗ ನಾನೂ ಮಾಡಿದವನೇ. ಬೆಳಗಾವಿಗೆ ಮರಳಿದ ಮೇಲೆ ಬಿಟ್ಟಿದ್ದೇನೆ. ಇಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ.

"ಕಾಕಾ, ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ಎಷ್ಟು ಬಗೆಯ ಬಿಯರ್ ಮಾಡಲು ಬರಬೇಕು?" ಎಂದು ಕೇಳಿದ. ತೀರ್ಪುಗಾರರು ಹಿಡಿಯುವ, ಬಿಜೆಸಿಪಿ ಎಂಬ ಬಿಯರ್ ತೀರ್ಪುಗಾರರ ಸಂಸ್ಥೆಯ ಕೈಪಿಡಿಯ 2021ರ ಆವೃತ್ತಿಯಲ್ಲಿ 34 ವರ್ಗಗಳಿವೆ, ಅವುಗಳೊಳಗಿನ ಬಗೆಗಳು ನೂರು ದಾಟುತ್ತವೆ. ಇವನು ಮಾವು, ಮೆಣಸಿನಕಾಯಿ ಹಾಕಿದ ಬಿಯರ್ ಕಳಿಸುವವನಿದ್ದ. ಆ ವರ್ಗಕ್ಕೆ ಬರುವವರು ಕಡಿಮೆಯಂತೆ.

ಜನ ಕಡಿಮೆ ಇರುವ ಕಡೆ ಹೋಗಿ ಪದಕ ತರುವುದು ನನಗೆ ಸೇರುವುದಿಲ್ಲ. ನಾಲ್ಕೇ ಬಗೆ ಕೈಗೆ ಹತ್ತಲಿ, ಸಾಕು. ಮೊದಲನೆಯದು ತಿಳಿ ಹೊಂಬಣ್ಣದ ಪಿಲ್ಸ್ನರ್.

ಅಥಣಿಯಲ್ಲಿ ನಮ್ಮ ಅವ್ವ ಸೊಸೆಯಂದಿರ ಕೈಗುಣ ನೋಡುತ್ತಿದ್ದುದು ಜೋಳದ ರೊಟ್ಟಿಯಲ್ಲಿ. ಎಣ್ಣೆಗಾಯಿಯಲ್ಲಿ ತಪ್ಪಾದರೆ ಮಸಾಲೆ ಮುಚ್ಚುತ್ತದೆ. ರೊಟ್ಟಿಯಲ್ಲಿ ಇರುವುದು ಹಿಟ್ಟು, ಬಿಸಿನೀರು, ಹೆಂಚಿನ ಕಾವು. ಹಿಟ್ಟು ಹಳೆಯದಾಗಿ ಜಿಗಿ ಹೋಗಿದ್ದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ಪಿಲ್ಸ್ನರ್ ಅಂಥದ್ದು. 1842ರಲ್ಲಿ ಈಗಿನ ಜೆಕ್ ದೇಶದ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಮಾಡಿದಾಗಲೂ ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಕಹಿ, ಪರಿಮಳ ಕೊಡುವ ಸಾಟ್ಸ್ ಎಂಬ ಹಾಪ್ಸ್ ಹೂವು, ಆ ಊರಿನ ಮೆದು ನೀರು, ತಣ್ಣಗೆ ಹುದುಗುವ ಯೀಸ್ಟ್, ಇಷ್ಟೇ.

ಸ್ಪರ್ಧೆಯಲ್ಲಿ ನನ್ನ ಮೊದಲ ಪಿಲ್ಸ್ನರಿಗೆ ಐವತ್ತಕ್ಕೆ 23 ಅಂಕ ಬಂದಿತ್ತು. ಪರಿಮಳಕ್ಕಿರುವ 12ರಲ್ಲಿ 4. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಮಾತು: ಬೆಣ್ಣೆ. ಮನೆಗೆ ಬಂದು ಉಳಿದ ಬಾಟಲಿ ತೆರೆದು ಮೂಸಿದೆ. ಹೌದು, ಬೆಣ್ಣೆಯೇ! ಎರಡು ತಿಂಗಳು ಅದನ್ನೇ ಕುಡಿದವನಿಗೆ ಗೊತ್ತಾಗಿರಲಿಲ್ಲ. ಆ ವಾಸನೆ ಕೊಡುವುದು ಡೈಅಸಿಟೈಲ್ ಎಂಬ ರಾಸಾಯನಿಕ. ಹುದುಗುವಾಗ ಹುಟ್ಟುವ ಇದನ್ನು ಕೊನೆಗೆ ಯೀಸ್ಟೇ ತಿಂದು ಮುಗಿಸುತ್ತದೆ, ಆದರೆ ಅದಕ್ಕೆ ತುಸು ಬೆಚ್ಚಗಿನ ಸಮಯ ಬೇಕು. ನಾನು ಅವಸರಪಟ್ಟು ತಣ್ಣಗೆ ಮಾಡಿಬಿಟ್ಟಿದ್ದೆ. ಮುಂದಿನ ಸಲ ಅದೇ ಅಳತೆಯಲ್ಲಿ ಮಾಡಿ, ಹುದುಗು ಇಳಿಯುವ ಹೊತ್ತಿಗೆ 18 ಡಿಗ್ರಿಗೆ ಏರಿಸಿ ಮೂರು ದಿನ ಬಿಟ್ಟೆ. 37 ಬಂತು. ಪದಕ ಬರಲಿಲ್ಲ, ಆದರೆ ಆ ಎರಡು ಅಂಕದ ಹಾಳೆಗಳನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಬೇರೆಯವರ ನಾಲಿಗೆ ನಮ್ಮ ತಪ್ಪನ್ನು ಹೆಸರು ಹಿಡಿದು ಹೇಳುವುದಕ್ಕಾಗಿಯೇ ಸ್ಪರ್ಧೆಗೆ ಹೋಗಬೇಕು ಎನ್ನುವವನು ನಾನು.

ಎರಡನೆಯದು ಜರ್ಮನರ ಗೋಧಿ ಬಿಯರ್ ಹೆಫೆವೈಝೆನ್. ಅದರಲ್ಲಿ ಬಾಳೆಹಣ್ಣು, ಲವಂಗದ ಘಮವಿರುತ್ತದೆ. ಅವೆರಡನ್ನೂ ಯಾರೂ ಹಾಕಿರುವುದಿಲ್ಲ, ಯೀಸ್ಟೇ ಕೊಡುತ್ತದೆ. ಕಾವು ಎರಡು ಡಿಗ್ರಿ ಏರಿದರೂ ಬಾಳೆ ಮುಂದೆ ಬರುತ್ತದೆ. ಯೀಸ್ಟನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಆಮೇಲೆ ಇಂಗ್ಲಿಷರ ಬಿಟರ್: ಶೇ. 4ಕ್ಕಿಂತ ಕಡಿಮೆ ಮದ್ಯಸಾರದಲ್ಲೂ ರುಚಿ ತುಂಬಿ ಬರಬೇಕು. ಕೊನೆಗೆ, ಹುರಿದ ಬಾರ್ಲಿಯ ಕಹಿ ಎಲ್ಲಿ ಸುಟ್ಟ ವಾಸನೆಯಾಗುತ್ತದೆ ಎಂದು ತಿಳಿಯಲು ಕಪ್ಪು ಬಿಯರ್ ಸ್ಟೌಟ್. ಹಾಪ್ಸ್ ಜಾಸ್ತಿ ಹಾಕಿದ ಕಹಿ ಬಿಯರ್ ಐಪಿಎ ಬಿಟ್ಟಿದ್ದಕ್ಕೆ ಅಲ್ಲಿಯ ಗೆಳೆಯರು ಜಗಳಕ್ಕೆ ಬರಬಹುದು. ಬಿಟರ್ ಕೂಡಿ ಬಂದವನಿಗೆ ಅದು ಕಷ್ಟವಲ್ಲ ಎಂದೇ ನನ್ನ ನಂಬಿಕೆ.

ನಿನ್ನೆ ರಾತ್ರಿ ಫೋನ್ ಮಾಡಿದ್ದ. ಮಾವಿನ ಬಿಯರ್ ಮುಂದಕ್ಕೆ ಹಾಕಿ ಪಿಲ್ಸ್ನರ್ ಮಾಡಿದ್ದಾನೆ. 18 ಡಿಗ್ರಿಗೆ ಏರಿಸಿ ಎರಡು ದಿನವಾಯಿತಂತೆ. "ಇನ್ನು ತಣ್ಣಗೆ ಮಾಡಲೇ ಕಾಕಾ?" ಎಂದ. ಮೊದಲು ಒಂದು ಲೋಟಕ್ಕೆ ಬಗ್ಗಿಸಿ ಮೂಸಿ ನೋಡು, ಬೆಣ್ಣೆ ಇದ್ದರೆ ಇನ್ನೊಂದು ದಿನ ಬಿಡು ಎಂದೆ.