ಗಡಿ ದಾಟಿದರೆ ಜನ ಬದಲಾಗ್ತಾರಾ?

ಹೋದ ವಾರ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಮಾತು ಉಕ್ರೇನಿನ ಕಡೆ ಹೊರಳಿತು. ನಮ್ಮಕ್ಕನ ಮಗಳು ಅಲ್ಲಿ ಎಂಬಿಬಿಎಸ್ ಓದುತ್ತಿದ್ದಳು ಅನ್ನೋದು ಎಲ್ಲರಿಗೂ ಗೊತ್ತು. ಹಿರಿಯರೊಬ್ಬರು ಹೇಳಿದರು: "ಪಕ್ಕದ ಪೋಲೆಂಡ್ ನೋಡಿ, ಎಷ್ಟು ಮುಂದೆ ಹೋಯ್ತು. ಇವರು ಅಲ್ಲೇ ಉಳಿದ್ರು. ಆ ಜನಾನೇ ಹಾಗೆ, ಮೈಗಳ್ಳರು."

ಅವರ ಮನೆಯ ಶುಭಕಾರ್ಯ, ಅದಕ್ಕೇ ಅಲ್ಲಿ ವಾದ ಮಾಡಲಿಲ್ಲ. ಆದರೆ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

2022 ರ ಫೆಬ್ರವರಿ ಕೊನೆಯಲ್ಲಿ, ರಷ್ಯಾ ಯುದ್ಧ ಶುರು ಮಾಡಿದಾಗ, ಅಕ್ಕನ ಮಗಳು ತಾನು ಓದುತ್ತಿದ್ದ ತೆರ್ನೋಪಿಲ್‌ನಿಂದ ಹೊರಟು, ಕೊನೆಯ ಹಾದಿಯನ್ನು ಹಿಮದಲ್ಲಿ ನಡೆದೇ ಗಡಿ ಮುಟ್ಟಿದಳು. ಆಚೆ ಪೋಲೆಂಡಿನ ಮೆದಿಕಾ. ಅಲ್ಲಿಂದ ಝೆಶೂಫ್ ಊರಿಗೆ ಬಸ್ಸು, ಆಮೇಲೆ ವಿಮಾನ. ಮನೆಗೆ ಬಂದು ಎರಡು ದಿನ ಮಲಗಿದ ಮೇಲೆ ಹೇಳಿದ ಒಂದು ಮಾತು ನನಗೆ ಇವತ್ತಿಗೂ ನೆನಪಿದೆ: "ಮಾಮ, ಗಡಿ ದಾಟಿದ ಮೇಲೆ ಬಸ್ಸು ಕುಲುಕಲೇ ಇಲ್ಲ. ರಸ್ತೆ ಅಷ್ಟು ಚೆನ್ನಾಗಿತ್ತು. ಕೂತಲ್ಲೇ ನಿದ್ದೆ ಬಂತು."

ಗಡಿಯ ಉಕ್ರೇನ್ ಕಡೆಯ ಲ್ವಿವ್ ಪಟ್ಟಣ 1939 ರ ತನಕ ಪೋಲೆಂಡಿಗೇ ಸೇರಿತ್ತು. ಎರಡೂ ಕಡೆ ಅದೇ ತರಹದ ಚರ್ಚುಗಳು, ಅದೇ ಬೀಟ್‌ರೂಟ್ ಸಾರು, ಹತ್ತಿರ ಹತ್ತಿರದ ನುಡಿಗಳು. ಹಾಗಿದ್ದೂ ರಸ್ತೆ ಯಾಕೆ ಬೇರೆ?

1990 ರಲ್ಲಿ ಎರಡೂ ದೇಶಗಳ ತಲಾ ಆದಾಯ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿತ್ತು. ಆಗ ಯಾರನ್ನಾದರೂ ಕೇಳಿದ್ದರೆ ಉಕ್ರೇನೇ ಮುಂದೆ ಹೋಗುತ್ತೆ ಅಂತಿದ್ದರೇನೋ. ಕಪ್ಪು ಮಣ್ಣಿನ ಹೊಲ, ಡಾನ್‌ಬಾಸ್‌ನ ಕಲ್ಲಿದ್ದಲು, ಕ್ರಿವಿ ರಿಹ್‌ನ ಉಕ್ಕು, ಆಂಟನೋವ್ ವಿಮಾನ, ದ್ನಿಪ್ರೋದಲ್ಲಿ ರಾಕೆಟ್ ಕಾರ್ಖಾನೆ. ಪೋಲೆಂಡಿನಲ್ಲಿ ಏನಿತ್ತು? ಖಾಲಿ ಅಂಗಡಿಗಳು, ತೀರಿಸೋಕಾಗದ ವಿದೇಶಿ ಸಾಲ. 2021 ರ ಹೊತ್ತಿಗೆ, ಅಂದರೆ ದೊಡ್ಡ ಯುದ್ಧ ಶುರುವಾಗುವ ಮುಂಚೆಯೇ, ಪೋಲೆಂಡಿನ ತಲಾ ಆದಾಯ ಸುಮಾರು 18,000 ಡಾಲರ್. ಉಕ್ರೇನಿನದು 5,000 ಕ್ಕಿಂತ ಕಡಿಮೆ.

ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದಿದೆ. ಪೋಲೆಂಡ್ ಧೈರ್ಯ ಮಾಡಿ ಒಂದೇ ಏಟಿಗೆ ಎಲ್ಲ ಬದಲಾಯಿಸಿತು, ಉಕ್ರೇನ್ ಮೀನಮೇಷ ಎಣಿಸಿತು ಅಂತ. ಇದರಲ್ಲಿ ನಿಜ ಇಲ್ಲದಿಲ್ಲ. ಪೋಲೆಂಡಿನ ಹಣಕಾಸು ಮಂತ್ರಿ ಲೆಷೆಕ್ ಬಾಲ್ಸೆರೋವಿಚ್ ಅವರ ಯೋಜನೆ 1990 ರ ಜನವರಿ 1 ಕ್ಕೆ ಜಾರಿಗೆ ಬಂತು. ಬಹುಪಾಲು ಬೆಲೆಗಳ ಮೇಲಿದ್ದ ಸರ್ಕಾರದ ಹಿಡಿತ ಹೋಯಿತು. ಖಾಲಿ ಇದ್ದ ಅಂಗಡಿಗಳಲ್ಲಿ ಕೆಲವೇ ವಾರಗಳಲ್ಲಿ ಸಾಮಾನು ಕಾಣಿಸಿತು. ಆದರೆ ಕೊಳ್ಳೋಕೆ ಜನರ ಕೈಯಲ್ಲಿ ದುಡ್ಡಿರಲಿಲ್ಲ. ನಿರುದ್ಯೋಗವೇ ಇಲ್ಲ ಅಂತಿದ್ದ ದೇಶದಲ್ಲಿ ಮೂರು ನಾಲ್ಕು ವರ್ಷದಲ್ಲಿ ನೂರಕ್ಕೆ 16 ಜನ ಕೆಲಸ ಇಲ್ಲದವರಾದರು. ಸರ್ಕಾರಿ ಹೊಲಗಳನ್ನು ಮುಚ್ಚಿದರು. ಆ ಹೊಲಗಳನ್ನೇ ನಂಬಿ ಕಟ್ಟಿದ ಊರುಗಳು ದೇಶದ ಉತ್ತರ, ಪಶ್ಚಿಮ ಭಾಗಗಳಲ್ಲಿ ಎಷ್ಟೋ ಇದ್ದವು. ಅಲ್ಲಿನ ಅಪ್ಪಂದಿರು ಒಂದು ದಿನ ಬೆಳಗ್ಗೆ ಎದ್ದರೆ ಹೋಗೋಕೆ ಕೆಲಸವೇ ಇಲ್ಲ. ಪೋಲೆಂಡಿನ ಗೆಲುವಿನ ಕಥೆ ಹೇಳುವವರು ಇವರನ್ನು ಬಿಟ್ಟು ಹೇಳಬಾರದು.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಪೋಲೆಂಡ್ ಎಲ್ಲವನ್ನೂ ಒಂದೇ ಏಟಿಗೆ ಮಾಡಲಿಲ್ಲ. ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳು ಬೇಗ ಖಾಸಗಿಯವರ ಕೈಗೆ ಹೋದವು. ಜನ ವಾರ್ಸಾದ ಬೀದಿಗಳಲ್ಲಿ ಮಡಚುವ ಮಂಚ ಹಾಕಿಕೊಂಡು ಬಟ್ಟೆ, ಮಾಂಸ ಮಾರಿದರು. ದೊಡ್ಡ ಕಾರ್ಖಾನೆಗಳನ್ನು ಮಾತ್ರ ನಿಧಾನವಾಗಿ, ವರ್ಷಗಟ್ಟಲೆ ಜಗಳ ಆಡುತ್ತಲೇ ಮಾರಿದರು. ಆ ಜಗಳಗಳಿಂದ ಒಂದು ಒಳ್ಳೆಯದಾಯಿತು. ಉಕ್ಕು, ಗ್ಯಾಸು, ಟಿವಿ ಚಾನೆಲ್ಲು, ಪಾರ್ಲಿಮೆಂಟಿನ ಸೀಟು, ಇವೆಲ್ಲ ಒಂದೇ ಮನೆತನದ ಕೈಗೆ ಸೇರಲಿಲ್ಲ. 1993 ರಲ್ಲಿ ಜನ ಸಿಟ್ಟಾಗಿ ಹಳೆಯ ಕಮ್ಯುನಿಸ್ಟರ ಪಕ್ಷವನ್ನೇ ವೋಟು ಹಾಕಿ ತಂದರು. ಅವರೂ ಬಂದ ದಾರಿಯಲ್ಲಿ ಹಿಂದೆ ಹೋಗಲಿಲ್ಲ.

ಉಕ್ರೇನಿಗೆ ಆಗ ಸ್ವಂತದ್ದು ಅಂತ ಏನಿತ್ತು ಹೇಳಿ? ಪೋಲೆಂಡಿಗೆ ಮೊದಲೇ ತನ್ನ ಹಣ, ತನ್ನ ಕೇಂದ್ರ ಬ್ಯಾಂಕು, ತನ್ನ ಗಡಿ ಇತ್ತು. ಹೊಲಗಳಲ್ಲಿ ಮುಕ್ಕಾಲು ಪಾಲು ಕಮ್ಯುನಿಸ್ಟ್ ಕಾಲದಲ್ಲೂ ರೈತರ ಹೆಸರಲ್ಲೇ ಉಳಿದಿತ್ತು. ಉಕ್ರೇನ್ 1991 ರ ಡಿಸೆಂಬರ್‌ನಲ್ಲಿ ಜನಮತ ಪಡೆದು ಸ್ವತಂತ್ರವಾದಾಗ ದೇಶ ನಡೆಸುವ ವ್ಯವಸ್ಥೆಯನ್ನೇ ತಳದಿಂದ ಕಟ್ಟಬೇಕಿತ್ತು. ಎಲ್ಲ ತೀರ್ಮಾನಗಳೂ ಅಲ್ಲಿವರೆಗೆ ಮಾಸ್ಕೋದಲ್ಲಿ ಆಗುತ್ತಿದ್ದವು. 1993 ಒಂದೇ ವರ್ಷದಲ್ಲಿ ಅಲ್ಲಿ ಬೆಲೆಗಳು 100 ಪಟ್ಟು ಏರಿದವು. ಜೀವನವೆಲ್ಲ ದುಡಿದು ಕೂಡಿಟ್ಟ ದುಡ್ಡು ಬರೀ ಕಾಗದವಾಯಿತು. ಹ್ರಿವ್ನಿಯಾ ಅನ್ನೋ ತಮ್ಮ ನಾಣ್ಯ ಬರೋಕೆ 1996 ಆಗಬೇಕಾಯಿತು. ದಶಕ ಮುಗಿಯುವಷ್ಟರಲ್ಲಿ ದೇಶದ ಆರ್ಥಿಕತೆ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು.

ಆ ಗಲಿಬಿಲಿಯಲ್ಲಿ ಯಾರು ಬಾಚಿಕೊಂಡರು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಕ್ರಿವಿ ರಿಹ್‌ನಲ್ಲಿ ಕ್ರಿವೊರಿಝ್‌ಸ್ತಾಲ್ ಅಂತ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆ ಇತ್ತು. 2004 ರಲ್ಲಿ ಸರ್ಕಾರ ಅದನ್ನು ಸುಮಾರು 80 ಕೋಟಿ ಡಾಲರಿಗೆ ಮಾರಿತು. ಕೊಂಡವರು ರಿನಾತ್ ಅಖ್ಮೆತೋವ್ ಮತ್ತು ವಿಕ್ಟರ್ ಪಿಂಚುಕ್. ಪಿಂಚುಕ್ ಆಗಿನ ಅಧ್ಯಕ್ಷ ಕುಚ್ಮಾ ಅವರ ಅಳಿಯ! ಇನ್ನೂ ಹೆಚ್ಚು ದುಡ್ಡು ಕೊಡ್ತೀವಿ ಅಂದ ವಿದೇಶಿ ಕಂಪನಿಗಳು ಷರತ್ತುಗಳ ನೆಪದಲ್ಲಿ ಹೊರಗೆ ಉಳಿದವು. ಅದೇ ವರ್ಷದ ಕೊನೆಗೆ ಜನ ಬೀದಿಗಿಳಿದರು, ಸರ್ಕಾರ ಬದಲಾಯಿತು. 2005 ರ ಅಕ್ಟೋಬರ್‌ನಲ್ಲಿ ಟಿವಿಯಲ್ಲಿ ಎಲ್ಲರೂ ನೋಡುತ್ತಿರುವಾಗಲೇ ಮತ್ತೆ ಹರಾಜು ನಡೆಯಿತು. ನಮ್ಮ ಲಕ್ಷ್ಮಿ ಮಿತ್ತಲ್ ಅವರ ಕಂಪನಿ 480 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಅದೇ ಕಾರ್ಖಾನೆ, ಅದೇ ಕೆಲಸಗಾರರು. ಒಂದೂವರೆ ವರ್ಷ ಕೂಡ ಆಗಿರಲಿಲ್ಲ, ಬೆಲೆ ಆರು ಪಟ್ಟು. ನಡುವಿನ 400 ಕೋಟಿ ಡಾಲರ್ ಆ ದೇಶದ ಆಸ್ಪತ್ರೆ, ರಸ್ತೆ, ಪಿಂಚಣಿಗೆ ಸೇರಬೇಕಾದ ದುಡ್ಡು. ಈ ಒಂದು ಮಾರಾಟವನ್ನಾದರೂ ಜನ ತಿರುಗಿ ಕಿತ್ತುಕೊಂಡರು. ಹೀಗೆ ಹೋದವು ಎಷ್ಟೋ, ವಾಪಸ್ ಬರಲಿಲ್ಲ. ಇದರಲ್ಲಿ ಕಾರ್ಖಾನೆಯ ಒಲೆ ಮುಂದೆ ಬೆವರು ಸುರಿಸಿದವನ ಮೈಗಳ್ಳತನ ಎಲ್ಲಿದೆ?

ಇನ್ನು ಯುರೋಪಿನ ಬಾಗಿಲು. ಪೋಲೆಂಡಿಗೆ ಅದು 1991 ರಲ್ಲೇ ತೆರೆಯಿತು. ಪೋಲೆಂಡ್ ತಮ್ಮ ಸರ್ಕಾರಗಳಿಗೆ ಕೊಡಬೇಕಿದ್ದ ಸಾಲದಲ್ಲಿ ಅರ್ಧ ಬಿಟ್ಟುಕೊಡೋಕೆ ಆ ವರ್ಷ ಪಶ್ಚಿಮದ ದೇಶಗಳು ಒಪ್ಪಿದವು. ಡಿಸೆಂಬರ್‌ನಲ್ಲಿ ಯುರೋಪಿನ ಜೊತೆ ಒಪ್ಪಂದವಾಯಿತು. 2004 ರಲ್ಲಿ ಯುರೋಪಿಯನ್ ಒಕ್ಕೂಟದ ಸದಸ್ಯತ್ವ. ಆಮೇಲೆ ಯುರೋಪಿನ ಬಜೆಟ್‌ನಿಂದ ಬಂದ ದುಡ್ಡಿನಲ್ಲಿ ಹೆದ್ದಾರಿಗಳೂ ಆದವು. ನಮ್ಮ ಹುಡುಗಿ ನಿದ್ದೆ ಮಾಡಿದ್ದು ಅಂಥ ರಸ್ತೆಯ ಮೇಲೆ. ಒಳಗೆ ಬರಬೇಕಾದರೆ ಕೋರ್ಟು ಹೀಗಿರಬೇಕು, ಟೆಂಡರ್ ಹೀಗೆ ಕರೆಯಬೇಕು ಅಂತ ಹಟ ಹಿಡಿಯುವವರು ಹೊರಗೊಬ್ಬರು ಇದ್ದರು. ಮಂತ್ರಿಯ ಅಳಿಯನಿಗೆ ಕಾರ್ಖಾನೆ ಕೊಡೋದು ಅಲ್ಲಿ ಅಷ್ಟು ಸುಲಭ ಇರಲಿಲ್ಲ. ಉಕ್ರೇನಿಗೆ ಅಂಥದೇ ಒಪ್ಪಂದ ಸಿಕ್ಕಿದ್ದು 2014 ರಲ್ಲಿ. 23 ವರ್ಷ ತಡ. ಅದಕ್ಕಾಗಿ ಕೀವ್‌ನ ಚೌಕದಲ್ಲಿ ಜನ ಪ್ರಾಣ ಕೊಟ್ಟರು. ಅದೇ ವರ್ಷ ರಷ್ಯಾ ಕ್ರಿಮಿಯಾವನ್ನು ಕಿತ್ತುಕೊಂಡಿತು.

ಜನ ಮೈಗಳ್ಳರಾ ಅನ್ನೋದಕ್ಕೆ ಸಾಕ್ಷಿ ಪೋಲೆಂಡಿನಲ್ಲೇ ಇದೆ. ಯುದ್ಧಕ್ಕೆ ಮುಂಚೆಯೇ ಲಕ್ಷಗಟ್ಟಲೆ ಉಕ್ರೇನಿಯನ್ನರು ಅಲ್ಲಿ ಮನೆ ಕಟ್ಟುತ್ತಿದ್ದರು, ಹಣ್ಣು ಕೀಳುತ್ತಿದ್ದರು, ಲಾರಿ ಓಡಿಸುತ್ತಿದ್ದರು. 2022 ರ ನಂತರ ಮಕ್ಕಳನ್ನು ಕಟ್ಟಿಕೊಂಡು ಓಡಿಬಂದ ಹೆಂಗಸರಲ್ಲಿ ಬಹಳಷ್ಟು ಜನ ನುಡಿ ಬಾರದಿದ್ದರೂ ಕೆಲಸಕ್ಕೆ ಸೇರಿದರು. ತೆರ್ನೋಪಿಲ್‌ನಲ್ಲಿ ನಮ್ಮ ಹುಡುಗಿಗೆ ರೂಮು ಬಾಡಿಗೆಗೆ ಕೊಟ್ಟಿದ್ದ ಆಂಟಿ ಅಲ್ಲಿ ನರ್ಸ್ ಆಗಿದ್ದರು. ಈಗ ಝೆಶೂಫ್‌ನ ಬೇಕರಿಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ನರ್ಸ್ ಕೆಲಸದಲ್ಲಿ ಸಿಗುತ್ತಿದ್ದುದಕ್ಕಿಂತ ಬ್ರೆಡ್ ಸುಟ್ಟು ಜಾಸ್ತಿ ಸಂಪಾದಿಸುತ್ತೇನೆ ಅಂತ ಫೋನಿನಲ್ಲಿ ಹೇಳಿ ಅತ್ತರಂತೆ.

2024 ರ ಫೆಬ್ರವರಿಯಲ್ಲಿ ಅಕ್ಕನ ಮಗಳು ನನಗೊಂದು ವಿಡಿಯೊ ಕಳಿಸಿದಳು. ಅದೇ ಮೆದಿಕಾ. ಉಕ್ರೇನಿನ ಅಗ್ಗದ ಧಾನ್ಯ ಬಂದು ತಮ್ಮ ಬೆಳೆಗೆ ಬೆಲೆ ಇಲ್ಲವಾಗಿದೆ ಅಂತ ಪೋಲೆಂಡಿನ ರೈತರು ಗಡಿಗೆ ಅಡ್ಡ ನಿಂತಿದ್ದರು. ರೈಲು ಡಬ್ಬಿಯಿಂದ ಧಾನ್ಯ ಹಳಿಯ ಮೇಲೆ ಸುರಿದಿತ್ತು. ಆ ರೈತರ ಕಷ್ಟವೂ ಸುಳ್ಳಲ್ಲ, ಬೆಲೆ ಬಿದ್ದಾಗ ರೈತನ ಮನೆ ಹೇಗಿರುತ್ತೆ ಅಂತ ನಮಗೂ ಗೊತ್ತು. ಆದರೂ ಆ ಕಾಳು ನೋಡಿ ಹೊಟ್ಟೆ ಉರಿಯಿತು. ಅವಳು ಕೆಳಗೆ ಒಂದೇ ಸಾಲು ಬರೆದಿದ್ದಳು: "ಮಾಮ, ಎರಡು ವರ್ಷದ ಹಿಂದೆ ಇಲ್ಲೇ ನಮಗೆ ಬಿಸಿ ಸೂಪ್ ಕೊಟ್ಟಿದ್ರು."