30ನೇ ನಂಬರಿನ ಅಂಗಿ, ಮತ್ತೆ ಬಿಟ್ಟು ಹೋಗುವ ಹುಡುಗರು

ಒಂದು ದಿನ ಮಗನ ಕಪಾಟು ಖಾಲಿ ಮಾಡುತ್ತಿದ್ದೆವು. 2025ರ ಬೇಸಿಗೆ ರಜೆ. ಒಂದೇ ವರ್ಷದಲ್ಲಿ ಮೂರು ಇಂಚು ಬೆಳೆದಿದ್ದಾನೆ, ಒಂದು ಬಟ್ಟೆಯೂ ಆಗುತ್ತಿಲ್ಲ. ದಾನಕ್ಕೆ ಕೊಡುವ ಚೀಲಕ್ಕೆ ಒಂದೊಂದೇ ತುಂಬುತ್ತಿದ್ದವನು ಒಂದು ಕೆಂಪು ಅಂಗಿ ಕೈಗೆ ಬಂದಾಗ ನಿಂತುಬಿಟ್ಟ. ಎದೆ ಮೇಲೆ 30. ಅಮೆರಿಕದ ಎನ್‌ಸಿ ಸ್ಟೇಟ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ತಂಡದ ಡಿಜೆ ಬರ್ನ್ಸ್ ನಂಬರು. ಬಗಲಲ್ಲಿ ಹೊಲಿಗೆ ಬಿಟ್ಟಿದೆ, ಕೊರಳ ಹತ್ತಿರ ಸಾರಿನ ಕಲೆ.

"ಇದನ್ನ ಕೊಡೋದು ಬೇಡ ಅಪ್ಪ."

ಬರ್ನ್ಸ್ ಕಾಲೇಜು ಮುಗಿಸಿ ಹೋಗಿ ವರ್ಷದ ಮೇಲಾಗಿತ್ತು. ಆ ತಂಡದ ಬಹುತೇಕ ಎಲ್ಲರೂ ಹೋದರು. ಕೋಚ್ ಕೂಡ ಹೋದರು. ಈ ಅಂಗಿ ಮಾತ್ರ ನಮ್ಮ ಮನೆಯಲ್ಲಿ ಉಳಿದಿದೆ.

ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. 2009ರಲ್ಲಿ ಎಂಎಸ್ ಮಾಡಲು ರಾಲೀಗೆ ಬಂದಾಗ ನನಗೆ ಬಾಸ್ಕೆಟ್‌ಬಾಲ್ ಅಂದರೆ ದಾವಣಗೆರೆಯ ಸ್ಕೂಲಿನಲ್ಲಿ ನೆಟ್ ಹರಿದುಹೋಗಿದ್ದ ಒಂದು ರಿಂಗ್, ಅಷ್ಟೇ. ರೂಮ್‌ಮೇಟ್ ಎಳೆದುಕೊಂಡು ಹೋದ, ಅಲ್ಲಿಂದ ಹುಚ್ಚು ಹಿಡಿಯಿತು. ಇಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಮೂರು ಯೂನಿವರ್ಸಿಟಿಗಳಿವೆ. ಡರಮ್‌ನಲ್ಲಿ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ ಕ್ಯಾರೊಲೈನಾ, ರಾಲೀಯಲ್ಲಿ ನಮ್ಮದು. ಅವರಿಬ್ಬರ ಬಳಿ ಕಪ್‌ಗಳ ರಾಶಿ. ನಮ್ಮ ಹತ್ತಿರ ಎರಡು ರಾಷ್ಟ್ರೀಯ ಪ್ರಶಸ್ತಿ, 1974 ಮತ್ತು 1983. ಮಿಕ್ಕಿದ್ದೆಲ್ಲ ಕಾಯುವುದು. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರದ್ದಾದರೂ 2025ರ ಜೂನ್‌ನಲ್ಲಿ, ಹದಿನೆಂಟನೇ ವರ್ಷಕ್ಕೆ ಮುಗಿಯಿತು.

ಊರಲ್ಲಿರುವ ಗೆಳೆಯರಿಗಾಗಿ ಎರಡು ಮಾತು. ಇಲ್ಲಿ ಮೊದಲು ಆಟಗಾರ ಕಾಲೇಜು ಬದಲಿಸಿದರೆ ಒಂದು ಸೀಸನ್ ಆಡದೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಹುಡುಗ ಅದರಲ್ಲಿ ಹೆಸರು ಹಾಕಿದರೆ ಸಾಕು, ಬೇರೆ ಕೋಚ್‌ಗಳು ಫೋನ್ ಮಾಡಬಹುದು. 2021ರಲ್ಲಿ ಒಂದು ಸಲ ಬದಲಿಸಿದರೆ ಕೂರಬೇಕಿಲ್ಲ ಅಂದರು. 2024ರ ಏಪ್ರಿಲ್‌ನಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗು ಅಂದರು. ಇದರ ಜೊತೆಗೆ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡುತ್ತವೆ. ಎಲ್ಲಾ ಆಟಗಳೂ ಸೇರಿ ಒಂದು ಯೂನಿವರ್ಸಿಟಿಗೆ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ.

ಹಾಗಾಗಿ ಮಾರ್ಚ್ ಬಂತು ಅಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಶುರು. ಐದಾರು ಕನ್ನಡಿಗರಿದ್ದೇವೆ, ಎಲ್ಲರೂ ಸ್ಟೇಟ್ ಅಭಿಮಾನಿಗಳು. ಒಬ್ಬ ಆಟಗಾರ ಪೋರ್ಟಲ್‌ಗೆ ಹೆಸರು ಹಾಕಿದ ಸುದ್ದಿ ಬಂದ ಐದು ನಿಮಿಷಕ್ಕೆ, "ಉಂಡ ಮನೆಗೆ ಎರಡು ಬಗೆಯೋ ಜಾತಿ" ಅಂತ ಒಬ್ಬರು ಹಾಕುತ್ತಾರೆ. ನಿಯತ್ತಿಲ್ಲ, ಬರೀ ದುಡ್ಡು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಇದನ್ನು ಬರೆಯುವ ನಮ್ಮ ಅಣ್ಣನಂಥ ಹಿರಿಯರು ಒಂಬತ್ತು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದ್ದಾರೆ. ಮೂರನೆಯದರಿಂದ ನಾಲ್ಕನೆಯದಕ್ಕೆ ಹೋದಾಗ ಪಾರ್ಟಿ ಕೊಡಿಸಿದ್ದರು, ನಾನೂ ಹೋಗಿ ತಿಂದು ಬಂದೆ. (ಅಣ್ಣಾ, ಓದ್ತಾ ಇದ್ರೆ ಬೇಜಾರು ಮಾಡ್ಕೋಬೇಡಿ.)

ನನ್ನ ತಕರಾರು ಇಷ್ಟೇ. ನಮ್ಮ ಜೀವಮಾನದಲ್ಲಿ ನಾವು ನೋಡಿದ ಅತ್ಯಂತ ಖುಷಿಯ ತಿಂಗಳನ್ನು ಕೊಟ್ಟವರು ಯಾರು? ಬೇರೆ ಕಾಲೇಜು ಬಿಟ್ಟು ಬಂದವರೇ.

2024ರ ಮಾರ್ಚ್ ನೆನಪು ಮಾಡಿಕೊಳ್ಳಿ. ಸೀಸನ್ನಿನ ಕೊನೆಯ ನಾಲ್ಕು ಪಂದ್ಯ ಸತತ ಸೋಲು, ಒಟ್ಟು 17 ಗೆಲುವು, 14 ಸೋಲು. ಕೋಚ್ ಕೆವಿನ್ ಕೀಟ್ಸ್ ಕೆಲಸ ಹೋಯಿತು ಅಂತಲೇ ಎಲ್ಲರ ಲೆಕ್ಕ. ವಾಷಿಂಗ್ಟನ್ನಿನಲ್ಲಿ ಎಸಿಸಿ, ಅಂದರೆ ನಮ್ಮ ಕಾಲೇಜು ಆಡುವ ಲೀಗಿನ ಟೂರ್ನಿಗೆ ಹತ್ತನೇ ಸೀಡ್ (ಹತ್ತನೇ ಕ್ರಮಾಂಕದ ತಂಡ) ಆಗಿ ಹೋದರು. ಕಪ್ ಬೇಕೆಂದರೆ ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಲೂಯಿವಿಲ್ ಸೋತಿತು, ಸಿರಕ್ಯೂಸ್ ಸೋತಿತು, ಡ್ಯೂಕ್ ಸೋತಿತು. ನಾಲ್ಕನೇ ರಾತ್ರಿ ವರ್ಜೀನಿಯಾ.

ಶುಕ್ರವಾರ ರಾತ್ರಿ. ಮಗನಿಗೆ ಮಲಗು ಅಂದರೂ ಮಲಗಿಲ್ಲ, ಹತ್ತೂವರೆಗೆ ಮತ್ತೆ ಹಸಿವು ಅಂದ. ಇವಳು ಉಳಿದ ಅನ್ನಕ್ಕೆ ಬೇಳೆಸಾರು ಕಲಸಿ ತಟ್ಟೆ ಕೈಗೆ ಕೊಟ್ಟಳು. ಮೈಮೇಲೆ ಅದೇ ಕೆಂಪು ಅಂಗಿ. ಕೊನೆಗೆ ಐದು ಸೆಕೆಂಡ್ ಉಳಿದಿದೆ, ನಾವು ಮೂರು ಅಂಕ ಹಿಂದೆ, ಫ್ರೀ ಥ್ರೋ ಅವರದ್ದು. ಮುಗಿಯಿತು ಅಂದುಕೊಂಡು ನಾನು ರಿಮೋಟ್ ಹುಡುಕುತ್ತಿದ್ದೆ. ಫ್ರೀ ಥ್ರೋ ತಪ್ಪಿತು. ಮೈಕಲ್ ಓಕಾನೆಲ್ ಚೆಂಡು ಹಿಡಿದು ಓಡಿದ, ಓಡುತ್ತಲೇ ದೂರದಿಂದ ಎಸೆದ. ಚೆಂಡು ಬೋರ್ಡಿಗೆ ಬಡಿದು ಒಳಗೆ ಬಿತ್ತು. 58-58. ತಟ್ಟೆ ಎಲ್ಲಿ ಹೋಯಿತು ಗೊತ್ತಿಲ್ಲ. ಸಾರು ಅಂಗಿ ಮೇಲೆ, ಸೋಫಾ ಮೇಲೆ, ಸ್ವಲ್ಪ ನನ್ನ ಮೇಲೆ. ಇವಳು ಬೈಯಲೂ ಮರೆತು ನಿಂತಿದ್ದಳು. ಓವರ್‌ಟೈಮ್‌ನಲ್ಲಿ ಗೆದ್ದರು. ಮಾರನೇ ರಾತ್ರಿ ಕ್ಯಾರೊಲೈನಾವನ್ನು 84-76ರಿಂದ ಹೊಡೆದು ಕಪ್ ತಂದರು. 1987ರ ನಂತರ ಮೊದಲ ಸಲ.

ಅಲ್ಲಿಗೂ ನಿಲ್ಲಲಿಲ್ಲ. ಇಡೀ ದೇಶದ ಕಾಲೇಜುಗಳ ಎನ್‌ಸಿಎಎ ಟೂರ್ನಿಯಲ್ಲಿ ಇನ್ನೂ ನಾಲ್ಕು ಗೆಲುವು, ಡಲ್ಲಾಸ್‌ನಲ್ಲಿ ಡ್ಯೂಕ್ ಮೇಲೆ ಮತ್ತೊಮ್ಮೆ. ಆ ದಿನ ಬರ್ನ್ಸ್ ಒಬ್ಬನೇ 29 ಅಂಕ. ಆರಡಿ ಒಂಬತ್ತಿಂಚು, ಸುಮಾರು 125 ಕೆಜಿ, ಎಡಗೈ ಆಟಗಾರ. ಬೆನ್ನು ತೋರಿಸಿ ಒಂದೊಂದೇ ಹೆಜ್ಜೆ ಹಿಂದೆ ತಳ್ಳುತ್ತಾ ಹೋಗಿ, ಕೊನೆಗೆ ಹೂವು ಇಟ್ಟ ಹಾಗೆ ಚೆಂಡು ಇಡುತ್ತಿದ್ದ. ಮುಖದಲ್ಲಿ ಯಾವಾಗಲೂ ನಗು. 1983ರ ನಂತರ ಮೊದಲ ಸಲ ಫೈನಲ್ ಫೋರ್, ಅಂದರೆ ಸೆಮಿಫೈನಲ್. ಅಲ್ಲಿ ಪರ್ಡ್ಯೂ ಎದುರು 63-50ರಿಂದ ಸೋತರು. ಅಳು ಬರಲಿಲ್ಲ. ಅಷ್ಟು ಸಿಕ್ಕಿತ್ತು.

ಈಗ ಆ ಹುಡುಗರ ಹಿನ್ನೆಲೆ ನೋಡಿ. ಬರ್ನ್ಸ್ ಮೊದಲು ಟೆನ್ನೆಸ್ಸೀ, ಆಮೇಲೆ ವಿಂಥ್ರಪ್, ಆಮೇಲೆ ನಮ್ಮಲ್ಲಿ. ಓಕಾನೆಲ್ ಬಂದಿದ್ದು ಸ್ಟ್ಯಾನ್‌ಫರ್ಡ್‌ನಿಂದ. ಜೇಡನ್ ಟೇಲರ್ ಬಟ್ಲರ್‌ನಿಂದ. ರಂಜಾನ್ ಉಪವಾಸ ಮಾಡಿಕೊಂಡೇ ಅಷ್ಟೂ ಪಂದ್ಯ ಆಡಿದ ಮೊಹಮ್ಮದ್ ಡಿಯಾರಾ ಮಿಸ್ಸೂರಿಯಿಂದ. ಡಿಜೆ ಹಾರ್ನ್ ರಾಲೀ ಹುಡುಗನೇ, ಆದರೆ ಇಲಿನಾಯ್ ಸ್ಟೇಟ್, ಅರಿಜೋನಾ ಸ್ಟೇಟ್ ಸುತ್ತಿ ಕೊನೆಗೆ ಊರಿಗೆ ಬಂದವನು. ಕೇಸಿ ಮಾರ್ಸೆಲ್ ಎಲ್ಲಿಂದ ಬಂದ ಹೇಳಿ? ವರ್ಜೀನಿಯಾದಿಂದ! ನಮ್ಮ ಮನೆಯಲ್ಲಿ ಸಾರು ಚೆಲ್ಲಿದ ರಾತ್ರಿ ಅವನು ಸೋಲಿಸಿದ್ದು ತಾನು ಬಿಟ್ಟು ಬಂದ ತಂಡವನ್ನೇ. ಅಲ್ಲಿನ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಅವನಿಗೂ ಯಾರೋ ಬೈದಿರುತ್ತಾರೆ ತಾನೇ? ಬಂದವನಿಗೆ ಆರತಿ, ಹೋದವನಿಗೆ ಹಿಡಿಶಾಪ. ಅದು ಒಂದೇ ಬಾಗಿಲು ಸ್ವಾಮಿ.

ಮುಂದಿನ ವರ್ಷ ಆ ಬಾಗಿಲಿನ ಇನ್ನೊಂದು ಮುಖ ಕಂಡಿತು, ಅದನ್ನೂ ಹೇಳಬೇಕು. ಬರ್ನ್ಸ್, ಹಾರ್ನ್, ಮಾರ್ಸೆಲ್ ಅವರ ಕಾಲೇಜು ಆಟದ ಕಾಲ ಮುಗಿದಿತ್ತು, ಡಿಯಾರಾನೂ ಹೋದ. ಕೀಟ್ಸ್ ಮತ್ತೆ ಪೋರ್ಟಲ್ ತೆಗೆದು ಹೊಸಬರನ್ನು ತಂದರು. ಅದೇ ಅಡುಗೆ, ಅದೇ ಒಲೆ, ಈ ಸಲ ಬೇಯಲಿಲ್ಲ. 12 ಗೆಲುವು, 19 ಸೋಲು. ಹದಿನೆಂಟು ತಂಡಗಳ ಎಸಿಸಿಯಲ್ಲಿ ಹದಿನೈದು ತಂಡಕ್ಕೆ ಮಾತ್ರ ಟೂರ್ನಿಯಲ್ಲಿ ಜಾಗ. ಹಿಂದಿನ ವರ್ಷದ ಚಾಂಪಿಯನ್ನರಿಗೆ ಅಲ್ಲೂ ಜಾಗ ಸಿಗಲಿಲ್ಲ. ಫೆಬ್ರವರಿಯಲ್ಲಿ ಒಂದು ರಾತ್ರಿ ಮಗನನ್ನು ನಮ್ಮ ತಂಡ ಆಡುವ ಲೆನೊವೊ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಸಾಲಿನಲ್ಲಿ ನಾವಿಬ್ಬರೇ. ಮಗ ನಾಲ್ಕು ಸೀಟಿನ ಮೇಲೆ ಕಾಲು ಚಾಚಿ ಮಲಗಿಕೊಂಡು ಆಟ ನೋಡಿದ. ಐದು ದಿನದ ಆ ಗೆಲುವಿನಿಂದ ಕೀಟ್ಸ್‌ಗೆ ಎರಡು ವರ್ಷ ಕರಾರು ಮುಂದುವರಿದಿತ್ತು. ಕೆಲಸ ಉಳಿದಿದ್ದು ಒಂದೇ ವರ್ಷ, 2025ರ ಮಾರ್ಚ್‌ನಲ್ಲಿ ತೆಗೆದರು.

ದುಡ್ಡಿನಿಂದ ಎಲ್ಲಾ ಹಾಳಾಯಿತು ಅನ್ನುವವರಿಗೆ ಹಳೆಯ ಒಂದು ಕಥೆ. ಫಯೆಟ್‌ವಿಲ್‌ನ ಡೆನಿಸ್ ಸ್ಮಿತ್ ಜೂನಿಯರ್ ನಮಗೆ ಸಿಕ್ಕಾಗ ಹಬ್ಬ ಮಾಡಿದ್ದೆವು. ಅಂಥ ಪ್ರತಿಭೆ. 2016-17ರಲ್ಲಿ ಒಂದೇ ಸೀಸನ್ ಆಡಿದ, ತಂಡ 15 ಗೆದ್ದು 17 ಸೋತಿತು, ಅವನು ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು) ಒಂಬತ್ತನೇ ಆಯ್ಕೆಯಾಗಿ ವೃತ್ತಿಪರ ಲೀಗ್ ಎನ್‌ಬಿಎಗೆ ಹೋದ. ಆಮೇಲೆ 2018ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ, ಅಡಿಡಾಸ್ ಪರ ಕೆಲಸ ಮಾಡುತ್ತಿದ್ದವನೊಬ್ಬ ಆ ಕುಟುಂಬಕ್ಕೆಂದು 40 ಸಾವಿರ ಡಾಲರ್ ತಂದುಕೊಟ್ಟಿದ್ದಾಗಿ ಸಾಕ್ಷಿ ಹೇಳಿದ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಾಲೇಜಿಗೆ ಶಿಕ್ಷೆಯೂ ಆಯಿತು. ತಮಾಷೆ ಏನು ಗೊತ್ತಾ? ಆಟಗಾರರು ದುಡ್ಡು ಮಾಡಬಹುದು ಅನ್ನುವ ನಿಯಮ ಬಂದು ಆಗಲೇ ಐದು ತಿಂಗಳಾಗಿತ್ತು. ಮೇಜಿನ ಕೆಳಗೆ ಹೋಗುತ್ತಿದ್ದದ್ದು ಈಗ ಮೇಜಿನ ಮೇಲೆ ಬಂದಿದೆ. ಕೋಚ್‌ಗಳು ಕೋಟಿಗಟ್ಟಲೆ ಎಣಿಸುತ್ತಿದ್ದಾಗ ಸುಮ್ನಿದ್ದ ನಾವು ಹತ್ತೊಂಬತ್ತರ ಹುಡುಗನ ಸಂಬಳ ನೋಡಿ ಹೊಟ್ಟೆ ಉರಿದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಪಕ್ಕದ ಡ್ಯೂಕ್‌ನಲ್ಲಿ ನೋಡಿ, 2025ರ ಜೂನ್ ಡ್ರಾಫ್ಟ್‌ನಲ್ಲಿ ಆಟ ಶುರುಮಾಡುತ್ತಿದ್ದ ಐವರಲ್ಲಿ ಐವರೂ ಹೋದರು. ಒಂದೇ ವರ್ಷ ಆಡಿದ ಕೂಪರ್ ಫ್ಲ್ಯಾಗ್ ಮೊದಲ ಆಯ್ಕೆ. ಅವನನ್ನು ಯಾರಾದರೂ ನಿಯತ್ತಿಲ್ಲದವನು ಅಂದರಾ? ಇಲ್ಲ.

ಆದರೂ ನನಗೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಅದು ದುಡ್ಡಿನ ಬೇಜಾರಲ್ಲ.

ನಾನು ರಾಲೀಗೆ ಬಂದ 2009ರಲ್ಲೇ ಇಬ್ಬರು ಹುಡುಗರು ತಂಡಕ್ಕೆ ಬಂದರು. ಇಂಡಿಯಾನಾದ ಸ್ಕಾಟ್ ವುಡ್, ಜಾರ್ಜಿಯಾದ ರಿಚರ್ಡ್ ಹೋವೆಲ್. ನನಗೆ ಅವರು ಒಂಥರಾ ಬ್ಯಾಚ್‌ಮೇಟ್‌ಗಳು. ವುಡ್ ಮೂರು ಅಂಕದ ಗೆರೆಯಾಚೆಯಿಂದ ಹೊಡೆಯುತ್ತಿದ್ದ, ಮೊದಲ ವರ್ಷವೂ ಅದೇ, ಕೊನೆಯ ವರ್ಷವೂ ಅದೇ. ಹೋವೆಲ್ ಹಾಗಲ್ಲ. ಬಂದಾಗ ದಪ್ಪಗಿದ್ದ, ಏದುಸಿರು ಬಿಡುತ್ತಿದ್ದ. ಬೇಡದ ಫೌಲ್ ಮಾಡಿ, ತಲೆ ತಗ್ಗಿಸಿಕೊಂಡು ಬೆಂಚಿಗೆ ಬರುತ್ತಿದ್ದ. ಎರಡನೇ ವರ್ಷ ಸ್ವಲ್ಪ ಪರವಾಗಿಲ್ಲ. 2011ರಲ್ಲಿ ಕೋಚ್ ಬದಲಾದರು, ಇಬ್ಬರೂ ಉಳಿದರು. ಆಮೇಲೆ ಮೈ ಇಳಿಸಿದ, ಕೈ ಎಲ್ಲಿಡಬೇಕು ಅಂತ ಕಲಿತ. ನಾಲ್ಕನೇ ವರ್ಷ ರಿಂಗಿನ ಕೆಳಗೆ ಅವನ ಕೈಗೆ ಸಿಗದೆ ಚೆಂಡು ಹೋಗುತ್ತಿರಲಿಲ್ಲ. ಇಡೀ ಎಸಿಸಿಯ ಮೊದಲ ಐವರಲ್ಲಿ ಒಬ್ಬನಾದ. ಅಷ್ಟರಲ್ಲಿ ನಾನು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿದ್ದೆ. ಅವನ ಕೊನೆಯ ಮನೆಯಂಗಳದ ಪಂದ್ಯಕ್ಕೆ ಇವಳನ್ನು ಕರೆದುಕೊಂಡು ಹೋಗಿದ್ದೆ. "ಯಾರಿಗೆ ಇಷ್ಟು ಚಪ್ಪಾಳೆ?" ಅಂದಳು. ಹೇಳಲು ಅರ್ಧ ಗಂಟೆ ಬೇಕಾಯಿತು.

ಮಗನಿಗೆ ಆ ಅರ್ಧ ಗಂಟೆಯ ಕಥೆ ಯಾರ ಬಗ್ಗೆಯೂ ಇಲ್ಲ. ಬೆಳೆದು ನಿಂತವರು ಬರುತ್ತಾರೆ, ಚೆನ್ನಾಗಿ ಆಡುತ್ತಾರೆ, ಹೋಗುತ್ತಾರೆ. ಎಡವುವ ಹುಡುಗನಿಗೆ ಎಡವಲು ಸಮಯವೇ ಇಲ್ಲ. ಇವತ್ತಿನ ದಿನ ಹೋವೆಲ್ ಮೊದಲ ವರ್ಷ ಹಾಗೆ ಆಡಿದ್ದರೆ, ಕೋಚ್ ಅವನ ಜಾಗಕ್ಕೆ ಇಪ್ಪತ್ಮೂರರ ಗಡಸು ಆಳೊಬ್ಬನನ್ನು ಏಪ್ರಿಲ್‌ನಲ್ಲೇ ತಂದಿರುತ್ತಿದ್ದರು. ಇದು ಹುಡುಗರ ತಪ್ಪಾ? ಬಿಡುವವರಷ್ಟೇ ಬಿಡಿಸಿಕೊಂಡವರೂ ಪೋರ್ಟಲ್‌ನಲ್ಲಿದ್ದಾರೆ. ಆ ಮಾತು ನಮ್ಮ ಗುಂಪಿನಲ್ಲಿ ಬರುವುದೇ ಇಲ್ಲ.

2025ರಲ್ಲಿ ಹೊಸ ಕೋಚ್ ಆಗಿ ವಿಲ್ ವೇಡ್ ಬಂದರು, ಮತ್ತೆ ಹೊಸ ತಂಡ. ಟೆಕ್ಸಸ್ ಟೆಕ್‌ನ ಡ್ಯಾರಿಯನ್ ವಿಲಿಯಮ್ಸ್ ಬಂದ. ವೆನ್-ಆಲೆನ್ ಲೂಬಿನ್ ನಾಟರ್ ಡೇಮ್, ವ್ಯಾಂಡರ್‌ಬಿಲ್ಟ್ ಮುಗಿಸಿ ಕ್ಯಾರೊಲೈನಾಗೆ ಹೋಗಿದ್ದವನು, ಆಗ ಅಲ್ಲಿಂದ ನಮ್ಮಲ್ಲಿಗೆ ಬಂದ. ಹಿಂದಿನ ವರ್ಷ ಅವನಿಗೆ ಬೈದ ನಮ್ಮ ಅಣ್ಣನೇ ಆ ಸಲ ಅವನ ಫೋಟೋಗೆ ಬೆಂಕಿ ಇಮೋಜಿ ಹಾಕಿದರು. ಎಲ್ಲರಿಗಿಂತ ನನಗೆ ಖುಷಿ ಕೊಟ್ಟಿದ್ದು ಪಾಲ್ ಮೆಕ್‌ನೀಲ್. ರಾಕಿಂಗ್‌ಹ್ಯಾಮ್ ಅನ್ನುವ ಇದೇ ರಾಜ್ಯದ ಸಣ್ಣ ಊರಿನ ಹುಡುಗ, ಹೈಸ್ಕೂಲಿನಿಂದ ನೇರ ನಮ್ಮಲ್ಲಿಗೆ ಬಂದವನು. ಮೊದಲ ವರ್ಷ ಬೆಂಚಿನಲ್ಲೇ ಜಾಸ್ತಿ ಕೂತ. ಕರೆತಂದ ಕೋಚ್ ಹೋದರೂ ಉಳಿದುಕೊಂಡ.

ಇದನ್ನೆಲ್ಲ ಮಗನಿಗೆ ಕಪಾಟಿನ ಮುಂದೆ ಕೂತು ಹೇಳಿದೆ. ಅರ್ಧ ಕೇಳಿಸಿಕೊಂಡ.

"ಸರಿ, ಹಾಗಾದ್ರೆ ಈ ಸಲ ಮೆಕ್‌ನೀಲ್ ಅಂಗಿ ತಗೊಳ್ಳೋಣ."

ಒಳಗಿನಿಂದ ಇವಳ ದನಿ ಬಂತು. "ತಗೊಳ್ಳೋದಾದ್ರೆ ಒಂದು ಸೈಜ್ ದೊಡ್ಡದೇ ತಗೊಳ್ರೀ. ಎರಡು ವರ್ಷ ಆದ್ರೂ ಆಗ್ಬೇಕು."

ಮಗ ನನ್ನ ಮುಖ ನೋಡಿದ. "ಅವ್ನು ಎರಡು ವರ್ಷ ಇರ್ತಾನಾ ಅಪ್ಪ?"