"ಏನೂ ಆಗಲ್ಲ ಸರ್" ಅಂದವನಿಗೆ

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಜಗಲಿಗೆ ಬಂದು ಮೀನಿನ ಟ್ಯಾಂಕಿನ ಲೈಟ್ ಹಾಕಿದೆ. ಜಾವಾ ಮಾಸ್ ಅನ್ನೋ ನೀರುಪಾಚಿ ಮೇಲೆ, ಮರಳಲ್ಲಿ, ಫಿಲ್ಟರಿನ ಬುಡದಲ್ಲಿ, ಎಲ್ಲಿ ನೋಡಿದ್ರೂ ಸೀಗಡಿ ಮಗುಚಿ ಬಿದ್ದಿದ್ವು. ಬದುಕಿದ್ದಾಗ ಬೆಳಕು ಹಾಯೋ ಹಂಗಿದ್ದ ಕೆಂಪು, ಬೇಯಿಸಿಟ್ಟ ಹಂಗೆ ಮಂಕು ಗುಲಾಬಿಯಾಗಿತ್ತು. ಒಂದೊಂದೇ ಹೆಕ್ಕಿ ತಟ್ಟೆಗೆ ಹಾಕಿ ಎಣಿಸಿದೆ. 43. ಕಾಫಿ ಹಂಗೇ ತಣ್ಣಗಾಯ್ತು.

ನಾನು ಕೇಳದೇ ಮಾಡಿದ್ದಲ್ಲ ಮಾರಾಯ್ರೆ, ಹೊಟ್ಟೆ ಉರಿಯೋದೇ ಅದಕ್ಕೆ. ಎರಡು ಸಲ ಕೇಳಿದ್ದೆ, ಎರಡು ಸಲಾನೂ ಶಿವಮೊಗ್ಗದ ಆ ಅಕ್ವೇರಿಯಂ ಅಂಗಡಿಯವನು (ಹೆಸರು ಬೇಡ) ಅದೇ ಮಾತು ಹೇಳಿದ: "ಏನೂ ಆಗಲ್ಲ ಸರ್."

ಮೊದಲನೇ ಸಲ, ನಿಯಾನ್ ಟೆಟ್ರಾ ಅನ್ನೋ ಪುಟ್ಟ ಮೀನು ಇರೋ ಟ್ಯಾಂಕಿಗೆ 20 ಚೆರ್ರಿ ಸೀಗಡಿ ತಗೊಂಡೆ. "ಜೊತೆಗೆ ಒಂದು ಜೋಡಿ ಏಂಜೆಲ್ ಮೀನು ಹಾಕ್ಕೊಳ್ಳಿ, ಟ್ಯಾಂಕ್ ತುಂಬಿದ ಹಂಗೆ ಕಾಣುತ್ತೆ" ಅಂದ. ಸೀಗಡಿ ತಿನ್ನಲ್ವಾ ಅಂದೆ. "ಕಮ್ಯುನಿಟಿ ಮೀನು ಸರ್, ಎಲ್ಲದರ ಜೊತೆ ಹೊಂದ್ಕೊಳ್ಳುತ್ತೆ, ಏನೂ ಆಗಲ್ಲ." ವಾರ ಕಳೆಯೋದ್ರೊಳಗೆ 20 ಇದ್ದಿದ್ದು 7 ಆಯ್ತು. ಕಲ್ಲಿನ ಹತ್ತಿರ ಖಾಲಿ ಚಿಪ್ಪು ಸಿಕ್ಕಿದಾಗೆಲ್ಲ ಪೊರೆ ಬಿಟ್ಟಿರಬೇಕು, ಮೈ ಗಟ್ಟಿಯಾಗೋ ತನಕ ಅಡಗಿ ಕೂತಿರುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಒಂದು ಸಂಜೆ ಏಂಜೆಲ್ಲಿನ ಬಾಯಿಂದ ಎರಡು ಮೀಸೆ ಹೊರಗೆ ಚಾಚಿಕೊಂಡಿದ್ದು ಕಂಡಿತು. ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗೋ ಜಾತಿ ಅದು, ಅದರ ತಪ್ಪೇನಿಲ್ಲ. ಭಾವನ ಮನೆಗೆ ಸಾಗಿಸಿದೆ.

ಉಳಿದ ಏಳು ಸುಧಾರಿಸಿಕೊಂಡ್ವು. ಮಾಸ್ ದಟ್ಟ ಬೆಳೆಸಿದೆ, ಮರಿ ಎಳೆದುಕೊಳ್ಳದ ಹಾಗೆ ಸ್ಪಾಂಜ್ ಫಿಲ್ಟರ್ ಹಾಕಿದೆ. ನಮ್ಮದು ಗುಡ್ಡದಿಂದ ಪೈಪಲ್ಲಿ ಬರೋ ಅಬ್ಬಿ ನೀರು, ಅದರಲ್ಲಿ ಸುಣ್ಣದಂಶ ಏನೇನೂ ಇಲ್ಲ. ಸುಣ್ಣ ಸಾಲದೇ ಇದ್ರೆ ಸೀಗಡಿಗೆ ಪೊರೆ ಬಿಡೋದೇ ಕಷ್ಟ. ಅದಕ್ಕೆ ಬೇರೆ ಖನಿಜದ ಪುಡಿ ತರಿಸಿ, ಅಳೆದು ಬೆರೆಸ್ತಿದ್ದೆ. ಒಂದು ದಿನ ಒಂದು ಹೆಣ್ಣು ಸೀಗಡಿ ಗಾಜಿಗೇ ಅಂಟಿಕೊಂಡು ನಿಂತಿತ್ತು. ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆಗಳ ಗೊಂಚಲು. ಹಿಂದಿನ ಪುಟ್ಟ ಕಾಲುಗಳಲ್ಲಿ ಅವಕ್ಕೆ ಬಿಡದೇ ನೀರು ಬೀಸ್ತಾ, ಆಗಾಗ ಒಂದೊಂದನ್ನ ಹೊರಳಿಸ್ತಾ ಇತ್ತು. ಮೂರ್ನಾಲ್ಕು ವಾರ ಹಂಗೇ ಹೊತ್ತು ತಿರುಗ್ತು. ಆಮೇಲೆ ಅಕ್ಕಿ ನುಚ್ಚಿನ ಗಾತ್ರದ ಮರಿಗಳು, ಅವ್ವನದೇ ಅಚ್ಚು. ಕೆಲವನ್ನ ಟೆಟ್ರಾ ಹಿಡಿದು ತಿಂದ್ವು ಅನ್ನೋದೂ ಗೊತ್ತು, ಅದನ್ನ ಲೆಕ್ಕಕ್ಕೆ ಹಿಡಿದೇ ಇಟ್ಟಿದ್ದೆ.

ಮನೆಗೆ ಬಂದವರ ಮಾತು ಬೇರೆ. "ಫ್ರೈ ಯಾವಾಗ?" "ಚಟ್ನಿಗೂ ಸಾಲಲ್ವಲ್ಲೋ!" ದೇವರ ಮೀನಿರೋ ಚಿಬ್ಬಲಗುಡ್ಡೆಗೆ ಹೋದ್ರೆ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯೋದೂ ಇದೇ ಜನ. ಇರಲಿ, ಅವರ ಮೇಲೆ ಕೋಪ ಇಲ್ಲ, ಅವರು ದುಡ್ಡು ಇಸ್ಕೊಂಡು ಸಲಹೆ ಕೊಟ್ಟವರಲ್ಲ.

ಈ ಸಲ ಮಳೆ ಹಿಡಿದು ಮೂರು ದಿನ ಕರೆಂಟಿಲ್ಲ, ಹೀಟರ್ ಸ್ತಬ್ಧ. ಟೆಟ್ರಾಗಳ ಮೈಮೇಲೆ ಉಪ್ಪು ಉದುರಿಸಿದ ಹಂಗೆ ಬಿಳಿ ಚುಕ್ಕೆ ಎದ್ವು. ಮತ್ತೆ ಅದೇ ಅಂಗಡಿ. ನೀಲಿ ನೀರಿನ ಸಣ್ಣ ಬಾಟಲಿ ಕೈಗಿಟ್ಟ. "ಟ್ಯಾಂಕಲ್ಲಿ ಸೀಗಡಿ ಇದಾವೆ ಮಾರಾಯ" ಅಂತ ಒತ್ತಿ ಹೇಳಿದೆ. ಫೋನಿಂದ ತಲೆ ಎತ್ತಲೇ ಇಲ್ಲ ಪುಣ್ಯಾತ್ಮ. "ಅಳತೆ ಪ್ರಕಾರ ಹಾಕಿ, ಏನೂ ಆಗಲ್ಲ ಸರ್."

ಅಳತೆ ಪ್ರಕಾರವೇ ಹಾಕಿದೆ. ರಾತ್ರಿ ಹಾಕಿದ್ದು, ಬೆಳಿಗ್ಗೆ ತಟ್ಟೆ ತುಂಬಾ ಹೆಣ.

ಆಮೇಲೆ ಕನ್ನಡಕ ಹಾಕ್ಕೊಂಡು ಬಾಟಲಿಯ ಹಿಂದೆ ಇರುವೆ ಸಾಲಿನಂಥ ಅಕ್ಷರ ಓದಿದೆ. ಕಾಪರ್ ಸಲ್ಫೇಟ್. ಅಂದ್ರೆ ಮೈಲುತುತ್ತ!

ನನ್ನ ಕೆನ್ನೆಗೆ ನಾನೇ ಹೊಡ್ಕೋಬೇಕು ಅನ್ನಿಸಿತು. ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದವನು ನಾನು. ಕೊಳೆ ರೋಗಕ್ಕೆ ಅಂತ ಪ್ರತಿ ವರ್ಷ ಮಳೆಗೆ ಮುಂಚೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸಿ, ಕತ್ತಿ ಅದ್ದಿ ನೋಡಿ ಮರ ಹತ್ತೋ ಕೊನೆಗಾರನ ಕೈಗೆ ಕೊಡೋ ಮನೆ ನಮ್ಮದು. ಕತ್ತಿಗೆ ತಾಮ್ರದ ಕೆಂಪು ಹತ್ತಿದ್ರೆ ಇನ್ನಷ್ಟು ಸುಣ್ಣ. ಆ ಡ್ರಮ್ ತೊಳೆದ ನೀರು ಅಬ್ಬಿ ತೊಟ್ಟಿ ಕಡೆ ಹರಿದ್ರೆ ಅಮ್ಮ ಊರು ಒಂದು ಮಾಡ್ತಾರೆ. ಅಂಥ ಮನೆಯವನು ಆ ನೀಲಿ ನೋಡಿಯೂ ಗುರುತು ಹಿಡೀಲಿಲ್ಲ.

ಸೀಗಡಿ ರಕ್ತದಲ್ಲೇ ತಾಮ್ರ ಇದೆ, ನಮಗೆ ಕಬ್ಬಿಣ ಹೆಂಗೋ ಅದಕ್ಕೆ ತಾಮ್ರ ಹಂಗೆ. ಆದ್ರೆ ಬೇಕಾಗೋದು ಚಿಟಿಕೆಯಲ್ಲಿ ಚಿಟಿಕೆ, ಅದಕ್ಕೆ ಮೇಲಾದ್ರೆ ವಿಷ. ಮೀನು ತಡ್ಕೊಳ್ಳೋ ಪ್ರಮಾಣಕ್ಕೇ ಇದು ಸಾಯುತ್ತೆ. ನಮ್ಮ ಮಲೆನಾಡಿನಂಥ ಮೆದು ನೀರಲ್ಲಂತೂ ತಾಮ್ರದ ಏಟು ಇನ್ನೂ ಜೋರು. ಇಷ್ಟಕ್ಕೂ ಆ ಚುಕ್ಕೆ ರೋಗ ಸೀಗಡಿಗೆ ಬರೋದೇ ಇಲ್ಲ. ಟೆಟ್ರಾಗಳನ್ನ ಬೇರೆ ತೊಟ್ಟಿಗೆ ಹಾಕಿ ಔಷಧಿ ಕೊಟ್ಟಿದ್ರೆ ಮುಗೀತಿತ್ತು, ಮೀನಿಲ್ಲದ ಟ್ಯಾಂಕಲ್ಲಿ ಆ ರೋಗದ ಹುಳ ತಾನೇ ಸಾಯ್ತಿತ್ತು. ಈ ಒಂದು ವಾಕ್ಯ ಹೇಳೋಕೆ ಅವನಿಗೆ ಎಷ್ಟು ಹೊತ್ತು ಬೇಕಿತ್ತು? ಗೊತ್ತಿಲ್ಲ ಅಂತ ಹೇಳಿದ್ರೂ ಸಾಕಿತ್ತು, ಬೇರೆ ಯಾರನ್ನಾದ್ರೂ ಕೇಳ್ತಿದ್ದೆ.

ನಿನ್ನೆ ಬಾಟಲಿ ಹಿಡ್ಕೊಂಡು ಹೋಗಿ ಕೇಳಿದೆ. "ಸೀಗಡಿ ನಾಜೂಕು ಐಟಮ್ ಸರ್, ಹೋಗೋದು ಸಹಜ. ಹೊಸ ಸ್ಟಾಕ್ ಬಂದಿದೆ, 20 ಕಟ್ಟಿ ಕೊಡ್ಲಾ?" ಐಟಮ್ಮಂತೆ! ಇನ್ನೂ ತಾಮ್ರ ಉಳಿದಿರೋ ಟ್ಯಾಂಕಿಗೆ ಇನ್ನೂ 20 ಜೀವ. ನನ್ನ ದನಿ ಏರಿದ್ದಕ್ಕೆ ಪಕ್ಕದಲ್ಲಿ ಗಿಳಿ ನೋಡ್ತಾ ನಿಂತಿದ್ದ ಹೆಂಗಸು ಮಗು ಎಳ್ಕೊಂಡು ಹೊರಗೆ ಹೋದ್ರು. ಬಾಟಲಿ ಮೇಲೆ "ಸೀಗಡಿ ಇದ್ರೆ ಹಾಕಬೇಡಿ" ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸು, ಬೇಕಾದ್ರೆ ನಾನೇ ಬರೆದು ಕೊಡ್ತೀನಿ ಅಂದೆ. ನಕ್ಕ.

ಟೆಟ್ರಾಗಳ ಚುಕ್ಕೆ ಹೋಗಿದೆ, ಚೆನ್ನಾಗಿ ಈಜಾಡ್ತಿವೆ. ಉಳಿದ ಅರ್ಧ ಬಾಟಲಿ ಕೊಟ್ಟಿಗೆ ಅಟ್ಟದಲ್ಲಿ ಮೈಲುತುತ್ತದ ಚೀಲದ ಪಕ್ಕ ಇಟ್ಟಿದ್ದೀನಿ.